ಕನ್ವೆನ್ಷನ್ ಡಾನ್ಸ್‌ಗೆ ಯಾವ ಎಎಂವಿ? ಎಲ್ಲವನ್ನೂ ಹಾಕಿ ನೋಡಿದ ಮೇಲೆ

ಎಎಂವಿ ಅಂದರೆ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ದೃಶ್ಯಗಳನ್ನು ಕತ್ತರಿಸಿ ಹಾಡಿಗೆ ಜೋಡಿಸಿ ಅಭಿಮಾನಿಗಳು ಮಾಡುವ ವಿಡಿಯೊ. ನನ್ನ ಓಟು ಮೆಡ್ಲಿಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಲವು ಎಡಿಟರ್‌ಗಳು ಒಂದು ಉದ್ದನೆಯ ಡಾನ್ಸ್ ಮಿಕ್ಸನ್ನು ತುಂಡು ತುಂಡಾಗಿ ಹಂಚಿಕೊಂಡು, ಒಬ್ಬೊಬ್ಬರು ಅರ್ಧ ನಿಮಿಷವೋ ಒಂದು ನಿಮಿಷವೋ ಎಡಿಟ್ ಮಾಡಿ, ಕೊನೆಗೆ ಎಲ್ಲವನ್ನೂ ಒಂದೇ ಫೈಲಾಗಿ ಜೋಡಿಸಿದ ವಿಡಿಯೊ ಇದು. ಎಎಂವಿ ಮಾಡುವವರ ನಡುವೆ ಇಂಥದ್ದಕ್ಕೆ ಮೆಪ್ ಅಂತಾರೆ. ಅನಿಮೆ ಅಭಿಮಾನಿಗಳು ಸೇರುವ ಕನ್ವೆನ್ಷನ್‌ನ ಡಾನ್ಸ್ ರಾತ್ರಿಗೆ ಪರದೆಯ ಮೇಲೆ ಏನು ಓಡಬೇಕು ಎನ್ನುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ಸ್ಪರ್ಧೆ ಗೆದ್ದ ಎಎಂವಿ, ಎಫೆಕ್ಟ್ ಸುರಿದ ಎಎಂವಿ, ಕಾಮಿಡಿ, ಹಾಡಿಗೊಂದರಂತೆ ಮಾಡಿದ ಸಾದಾ ಡಾನ್ಸ್ ಎಎಂವಿ, ಮೊಬೈಲಿಗೆಂದು ಮಾಡಿದ ಚಿಕ್ಕ ತುಣುಕು, ಎಲ್ಲವನ್ನೂ ಹಾಕಿ ನೋಡಿದ್ದಾಯಿತು. ಕೊನೆಯವರೆಗೂ ಫ್ಲೋರ್ ತುಂಬಿಕೊಂಡೇ ಇದ್ದದ್ದು ಮೆಡ್ಲಿ ಓಡಿದಾಗ ಮಾತ್ರ.

ಚೆನ್ನಾಗಿರುವ ಎಎಂವಿ ಬೇರೆ, ಕುಣಿಸುವ ಎಎಂವಿ ಬೇರೆ. ಕುಣಿಯುವವರು ಪರದೆಯನ್ನು ನೋಡುವುದು ಕದ್ದು ನೋಡಿದ ಹಾಗೆ: ಎರಡು ಸೆಕೆಂಡ್ ಆ ಕಡೆ, ಆಮೇಲೆ ಗೆಳೆಯರ ಕಡೆ, ಮತ್ತೆ ಒಂದು ಕ್ಷಣ ಪರದೆ. ನಡುವೆ ಏನು ತಪ್ಪಿಹೋದರೂ ನಷ್ಟವಿಲ್ಲದಂಥ ವಿಡಿಯೊ ಬೇಕು. ನಾನು ಪ್ರತಿಯೊಂದನ್ನೂ ಅಳೆದದ್ದು ಈ ಒಂದೇ ಅಳತೆಯಲ್ಲಿ. ಚಿತ್ರದ ಸ್ಪಷ್ಟತೆ, ಯಾವ ಸರಣಿ, ಎಷ್ಟು ಜನ ನೋಡಿದ್ದಾರೆ ಎಂಬುದನ್ನೆಲ್ಲ ಯಾರು ಬೇಕಾದರೂ ನೋಡಿಕೊಳ್ಳಬಹುದು.

ಸ್ಪರ್ಧೆ ಗೆದ್ದವುಗಳಿಂದ ಶುರು ಮಾಡೋಣ, ಏಕೆಂದರೆ ಸಮಿತಿಯಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಅವೇ. ‘ಬಹುಮಾನ ಬಂದದ್ದಲ್ವಾ, ಹಾಕಿಬಿಡು’ ಅಂತಾರೆ. ಸ್ಪರ್ಧೆಯ ಪ್ರೇಕ್ಷಕರು ಕುರ್ಚಿಯಲ್ಲಿ ಕೂತು, ಕತ್ತಲೆಯಲ್ಲಿ, ಮೊದಲ ಫ್ರೇಮಿನಿಂದ ಕೊನೆಯವರೆಗೆ ನೋಡುತ್ತಾರೆ. ಅವರ ಮತ ಹೆಚ್ಚಾಗಿ ಕಥೆ ಹೇಳುವ, ಗಂಟಲು ಕಟ್ಟಿಸುವ ವಿಡಿಯೊಗೆ ಬೀಳುತ್ತದೆ. ಅದನ್ನೇ ಡಾನ್ಸ್‌ಗೆ ತಂದು ಹಾಕಿದರೆ ಮೊದಲ ಒಂದು ನಿಮಿಷ ಪಿಯಾನೊ, ಮಳೆ, ರೈಲು ನಿಲ್ದಾಣ. ಬೀಟ್ ಬರುವ ಹೊತ್ತಿಗೆ ಅರ್ಧ ಜನ ಗೋಡೆಗೆ ಒರಗಿರುತ್ತಾರೆ, ಇನ್ನರ್ಧ ನಿಂತಲ್ಲೇ ಪರದೆ ನೋಡುತ್ತಿರುತ್ತಾರೆ. ಒಂದು ವಿಡಿಯೊಗಂತೂ ಫ್ಲೋರ್ ನಡುವೆಯೇ ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಎಡಿಟರ್‌ಗೆ ಅದಕ್ಕಿಂತ ದೊಡ್ಡ ಬಹುಮಾನ ಇರಲಾರದು, ಆದರೆ ನನ್ನ ಡಾನ್ಸ್ ಅಲ್ಲಿಗೆ ನಿಂತಿತು. ಇಂಥವು ಹೆಚ್ಚಾಗಿ ಸರಣಿಯ ಕೊನೆಯ ಕಂತುಗಳಿಂದಲೇ ದೃಶ್ಯ ತೆಗೆದಿರುತ್ತವೆ. ಯಾರು ಸತ್ತರು ಎಂಬುದು ಅಷ್ಟು ದೊಡ್ಡ ಪರದೆಯ ಮೇಲೆ ಬಯಲಾದರೆ, ಅರ್ಧ ಸರಣಿ ನೋಡಿದವರ ಬೈಗುಳ ತಿನ್ನಬೇಕಾದದ್ದು ವಿಡಿಯೊ ಆರಿಸಿದವರು.

ಕಾಮಿಡಿ ಎಎಂವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1982ರಲ್ಲಿ, ಮೊದಲ ಎಎಂವಿ ಮಾಡಿದವರೆಂದು ಹೇಳುವ ಜಿಮ್ ಕಪೋಸ್ಟಸ್ ಎರಡು ವಿಸಿಆರ್ ಜೋಡಿಸಿ, ಹೊಡೆದಾಟದ ಹಿಂಸೆಯ ದೃಶ್ಯಗಳಿಗೆ ಪ್ರೀತಿಯ ಹಾಡು ಹಾಕಿದ್ದೂ ನಗಿಸಲಿಕ್ಕೇ. ಈ ಕಲೆ ಹುಟ್ಟಿದ್ದೇ ಹಾಗೆ. ಆದರೆ ನಗು ಬರಬೇಕಾದರೆ ಮೊದಲು ನಿಂತು ನೋಡಬೇಕು.

ಮೊಬೈಲಿನ ತುಣುಕು: ನಿಂತ ಚಿತ್ರವನ್ನು ಅಗಲದ ಪರದೆಗೆ ಹಾಕಿದರೆ ಮೂರನೇ ಒಂದು ಭಾಗವೂ ತುಂಬುವುದಿಲ್ಲ. ಮುಂದಕ್ಕೆ ಹೋಗೋಣ.

ಎಫೆಕ್ಟ್ ಸುರಿದ ಎಎಂವಿ ಮೊದಲ ನೋಟಕ್ಕೆ ಡಾನ್ಸ್‌ಗೆಂದೇ ಹುಟ್ಟಿದ ಹಾಗೆ ಕಾಣುತ್ತದೆ. ಬೀಟ್‌ಗೊಂದು ಬಿಳಿ ಮಿಂಚು, ಪರದೆಯ ನಡುಕ, ಬಣ್ಣ ತಿರುವು ಮುರುವು. ನನಗೂ ಇಷ್ಟವೇ. ಆದರೆ ಇಲ್ಲಿ ಒಂದು ಲೆಕ್ಕ ಹಾಕಲೇಬೇಕು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತು ಪ್ರಸಾರವಾದಾಗ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿ, 600ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಈಗ ಟಿವಿಗೂ ವೆಬ್ಬಿಗೂ ಸಾಮಾನ್ಯವಾಗಿ ಹೇಳುವ ಮಿತಿ ಸೆಕೆಂಡಿಗೆ ಮೂರು ಮಿಂಚು. ನಿಮಿಷಕ್ಕೆ 128 ಬೀಟ್ ಇರುವ ಹಾಡಿನಲ್ಲಿ ಬೀಟ್‌ಗೊಂದು ಮಿಂಚು ಹಾಕಿದರೆ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು, ಪರವಾಗಿಲ್ಲ. ಅರ್ಧ ಬೀಟ್‌ಗೊಂದು ಹಾಕಿದರೆ ನಾಲ್ಕು ದಾಟಿತು, ಮಿತಿ ಮೀರಿತು. ಎಡಿಟರ್‌ಗಳಿಗೆ ಅರ್ಧ ಬೀಟ್ ಮೇಲೆ ಬಲು ಪ್ರೀತಿ. ಅದರ ಮೇಲೆ ಹಾಲ್‌ನ ಸ್ಟ್ರೋಬ್ ಲೈಟ್ ಬೇರೆ ಇರುತ್ತದೆ. ಅದು ವಿಡಿಯೊಗೆ ಹೊಂದಿಕೊಂಡು ಮಿನುಗುವುದಿಲ್ಲ, ತನ್ನ ಪಾಡಿಗೆ ತಾನು ಮಿನುಗುತ್ತದೆ. ಬಾಗಿಲಿಗೆ ಎಚ್ಚರಿಕೆಯ ಚೀಟಿ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ. ನಾನು ಚೀಟಿಯನ್ನೂ ಅಂಟಿಸುತ್ತೇನೆ, ಅಂಥ ವಿಡಿಯೊವನ್ನೂ ಕೈಬಿಡುತ್ತೇನೆ.

ಉಳಿದದ್ದು ಹಾಡಿಗೊಂದು ಸಾದಾ ಡಾನ್ಸ್ ಎಎಂವಿ. ಇದು ಮೆಡ್ಲಿಗೆ ನಿಜವಾದ ಎದುರಾಳಿ. ಇಲ್ಲಿ ಕಥೆ ಇಲ್ಲ, ಮಿಂಚಿಲ್ಲ, ಬೀಟ್ ಬಿದ್ದ ಕಡೆ ಕಟ್ ಬೀಳುತ್ತದೆ, ಅಷ್ಟೇ. ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡಿದರೂ ಹೊಸ ಚಿತ್ರ ಬರುವುದು ಹೆಚ್ಚಿನ ಕಡೆ 8 ಅಥವಾ 12 ಮಾತ್ರ. ಪಾತ್ರದ ಚಲನೆಯೊಂದೇ ತಾಳ ಹಿಡಿಯಲಾರದು, ತಾಳ ಹಿಡಿಯಬೇಕಾದದ್ದು ಕಟ್. ಇದು ಗೊತ್ತಿರುವ ಎಡಿಟರ್ ಒಂದು ತಲೆಯಾಡಿಸುವ ದೃಶ್ಯವನ್ನು ನಾಲ್ಕು ಸಲ ತಿರುಗಿಸಿ ಹಾಕಿದರೂ ಕಾಲು ತಾನಾಗಿ ಕುಣಿಯುತ್ತದೆ. ಇಂಥ ಎಎಂವಿಗಳು ಹೇರಳವಾಗಿವೆ, ಹಳೆಯವೂ ಚೆನ್ನಾಗಿವೆ. ಬೇಕಾದ ಹಾಡನ್ನು ಬೇಕಾದ ಹೊತ್ತಿಗೆ ಹಾಕಬಹುದು, ಬೇಡವೆನಿಸಿದ್ದನ್ನು ದಾಟಿಸಬಹುದು.

ಹಾಗಿದ್ದೂ ನಾನು ಇದನ್ನು ಎರಡನೆಯ ಸ್ಥಾನಕ್ಕೆ ತಳ್ಳಿದ್ದು ಒಂದೇ ಒಂದು ಕಿರಿಕಿರಿಯಿಂದ: ಟೈಟಲ್ ಕಾರ್ಡ್.

ಒಬ್ಬ ಎಡಿಟರ್ ತಿಂಗಳುಗಟ್ಟಲೆ ಕೂತು ಮೂರೂವರೆ ನಿಮಿಷದ ವಿಡಿಯೊ ಮಾಡಿರುತ್ತಾರೆ. ಮೊದಲಿಗೆ ಅವರ ಲೋಗೊ ನಿಧಾನವಾಗಿ ಅರಳುತ್ತದೆ. ಆಮೇಲೆ ಕಪ್ಪು ಪರದೆ, ಸರಣಿಯ ಹೆಸರು, ಹಾಡಿನ ಹೆಸರು. ಮತ್ತೆ ಕಪ್ಪು. ಆಮೇಲೆ ಹಾಡು ಶುರು. ಹಾಡು ಮುಗಿದ ಮೇಲೆ ಸಾಫ್ಟ್‌ವೇರ್‌ನ ಹೆಸರು, ಕರಡು ಪ್ರತಿ ನೋಡಿಕೊಟ್ಟ ಗೆಳೆಯರ ಹೆಸರು, ನೋಡಿದ್ದಕ್ಕೆ ಧನ್ಯವಾದ, ಎಲ್ಲ ಮೌನದಲ್ಲಿ. ಮನೆಯಲ್ಲಿ ಕೂತು ನೋಡುವಾಗ ಇದು ಚಂದ. ಡಾನ್ಸ್‌ನಲ್ಲಿ ಹಿಂದಿನ ವಿಡಿಯೊದ ಬಾಲಕ್ಕೆ ಹತ್ತು ಸೆಕೆಂಡ್, ಮುಂದಿನದರ ತಲೆಗೆ ಎಂಟು ಸೆಕೆಂಡ್ ಸೇರಿದರೆ ಹದಿನೆಂಟು ಸೆಕೆಂಡ್ ಸದ್ದಿಲ್ಲದ ಕತ್ತಲೆ. ನೂರಾರು ಜನ ಬೆವರಿಕೊಂಡು ನಿಂತಿರುವ ಹಾಲ್‌ನಲ್ಲಿ ಹದಿನೆಂಟು ಸೆಕೆಂಡ್ ಬಲು ಉದ್ದ. ಮೊದಲ ಸಲ ಚಪ್ಪಾಳೆ ಹೊಡೆಯುತ್ತಾರೆ, ಎರಡನೆಯ ಸಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮೂರನೆಯ ಸಲ ನೀರು ಕುಡಿಯಲು ಹೊರಗೆ ಹೋಗುತ್ತಾರೆ. ಹೋದವರಲ್ಲಿ ಎಲ್ಲರೂ ತಿರುಗಿ ಬರುವುದಿಲ್ಲ.

ಕತ್ತರಿಸಿದರಾಯಿತಲ್ಲ ಅಂತೀರಿ. ಕತ್ತರಿಸಲು ಹೋದವರಿಗೇ ಗೊತ್ತು. ಮರು ಎನ್‌ಕೋಡ್ ಮಾಡದೆ ಬರೀ ತುದಿ ಕತ್ತರಿಸಿದರೆ ಚಿತ್ರ ಶುರುವಾಗುವುದು ಕೀಫ್ರೇಮ್, ಅಂದರೆ ಚಿತ್ರವನ್ನು ಪೂರ್ತಿಯಾಗಿ ಉಳಿಸಿದ ಫ್ರೇಮ್, ಇರುವ ಕಡೆಯಿಂದ ಮಾತ್ರ. ವಿಡಿಯೊ ಹಿಂಡುವ ಎಕ್ಸ್264 ಎನ್‌ಕೋಡರ್‌ನ ರೂಢಿಯ ಸೆಟ್ಟಿಂಗ್‌ನಲ್ಲಿ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ವರೆಗೆ, ಅಂದರೆ ಹತ್ತು ಸೆಕೆಂಡಿಗೂ ಹೆಚ್ಚು ಅಂತರ ಇರಬಹುದು. ದೃಶ್ಯ ಥಟ್ಟನೆ ಬದಲಾದ ಕಡೆ ಅದು ತಾನೇ ಒಂದು ಕೀಫ್ರೇಮ್ ಇಡುತ್ತದೆ, ನಿಜ. ಆದರೆ ಎಎಂವಿ ಹೆಚ್ಚಾಗಿ ಶುರುವಾಗುವುದು ಕಪ್ಪಿನಿಂದ ನಿಧಾನವಾಗಿ ತೆರೆದುಕೊಳ್ಳುವ ದೃಶ್ಯದಿಂದ; ಅಲ್ಲಿ ಥಟ್ಟನೆ ಬದಲಾಗುವುದು ಏನೂ ಇಲ್ಲ. ಬೇಕಾದ ಜಾಗದಲ್ಲೇ ಕೀಫ್ರೇಮ್ ಇರುವುದಿಲ್ಲ! ಹಾಗಾಗಿ ಒಂದೋ ಲೋಗೊದ ಅರ್ಧ ತುಂಡು ಉಳಿಯುತ್ತದೆ, ಇಲ್ಲವೇ ಹಾಡು ಓಡುತ್ತಾ ಚಿತ್ರ ಹೆಪ್ಪುಗಟ್ಟಿ ನಿಲ್ಲುತ್ತದೆ. ಸರಿಯಾಗಿ ಬೇಕೆಂದರೆ ಪ್ರತಿಯೊಂದನ್ನೂ ಮರು ಎನ್‌ಕೋಡ್ ಮಾಡಬೇಕು. ವಿಡಿಯೊ ಫೈಲ್ ತಿದ್ದುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನಲ್ಲಿ ಕಪ್ಪು ಫ್ರೇಮ್ ಹುಡುಕಲು ಒಂದು ಫಿಲ್ಟರ್, ಮೌನ ಹುಡುಕಲು ಇನ್ನೊಂದು ಇದೆ, ಬಹಳ ಉಪಕಾರಿ. ಆದರೂ ಅವು ಹಾಡಿನೊಳಗಿನ ಬೇಕೆಂದೇ ಇಟ್ಟ ಮೌನವನ್ನೂ, ಬೀಟ್ ಥಟ್ಟನೆ ಜೋರಾಗಿ ಬೀಳುವ ಡ್ರಾಪ್‌ಗೆ ಮುಂಚಿನ ಕಪ್ಪನ್ನೂ ಹೆಕ್ಕಿ ಕೊಡುತ್ತವೆ. ಕೊನೆಗೆ ಕೂತು ಕಣ್ಣಿಂದಲೇ ನೋಡಬೇಕು.

ಕತ್ತರಿಸುವುದರಲ್ಲಿ ಸಂಕೋಚವೂ ಇದೆ. ತೆಗೆದುಹಾಕುತ್ತಿರುವುದು ಮಾಡಿದವರ ಹೆಸರನ್ನೇ. ಇವರಿಗೆ ದುಡ್ಡು ಸಿಗುವುದಿಲ್ಲ, ಸಿಗುವುದು ಹೆಸರೊಂದೇ. ಅದಕ್ಕೆ ನಾನು ಎಡಿಟರ್‌ಗೇ ಬರೆದು ಕೇಳುತ್ತೇನೆ: ಡಾನ್ಸ್‌ಗೆ ಹಾಕುತ್ತಿದ್ದೇವೆ, ಟೈಟಲ್ ಇಲ್ಲದ ಫೈಲ್ ಕೊಡುತ್ತೀರಾ, ನಿಮ್ಮ ಹೆಸರನ್ನು ಪರದೆಯ ಮೂಲೆಯಲ್ಲಿ ಹಾಕುತ್ತೇವೆ ಎಂದು. ಎಷ್ಟೋ ಸ್ಪರ್ಧೆಗಳೇ ಟೈಟಲ್ ಇಲ್ಲದ ಪ್ರತಿ ಕೇಳುವುದರಿಂದ ಹಲವರ ಹತ್ತಿರ ಅದು ಸಿದ್ಧವಾಗಿರುತ್ತದೆ, ಖುಷಿಯಿಂದ ಕೊಡುತ್ತಾರೆ. ಇಂಟರ್ನೆಟ್‌ನಿಂದ ಇಳಿಸಿದ ಹಿಂಡಿದ ಪ್ರತಿಗಿಂತ ಆ ಫೈಲ್ ದೊಡ್ಡ ಪರದೆಯಲ್ಲಿ ಎಷ್ಟೋ ಮೇಲು. ಆದರೆ ಒಂದು ರಾತ್ರಿ ತುಂಬಿಸಲು ಅಷ್ಟೊಂದು ಜನರಿಗೆ ಬರೆದು, ಕಾದು, ನೆನಪಿಸಿ, ಮತ್ತೆ ಕಾದು... ಕೆಲವರು ಈ ಕಡೆ ತಲೆಹಾಕಿಯೇ ವರ್ಷಗಳಾಗಿರುತ್ತವೆ.

ಮೆಡ್ಲಿಯಲ್ಲಿ ಈ ಗೋಳು ಒಂದೇ ಸಲ. ತಲೆಗೊಂದು ಟೈಟಲ್, ಬಾಲಕ್ಕೊಂದು ಪಟ್ಟಿ, ನಡುವೆ ಹಾಡಿನಿಂದ ಹಾಡಿಗೆ ಬೀಟ್ ಮೇಲೆಯೇ ಜಿಗಿತ. ಮಿಕ್ಸ್ ಮಾಡಿದವರು ಸದ್ದಿನ ಮಟ್ಟವನ್ನೂ ಸರಿಮಾಡಿರುತ್ತಾರೆ. ಬಿಡಿ ಎಎಂವಿಗಳಲ್ಲಿ ಒಂದು ಪಿಸುಗುಟ್ಟಿದರೆ ಇನ್ನೊಂದು ಕಿವಿ ಹರಿಯುವಂತೆ ಅರಚುತ್ತದೆ, ಎಲ್ಲವನ್ನೂ ಎಫ್‌ಎಫ್‌ಎಂಪೆಗ್‌ನ ಲೌಡ್‌ನಾರ್ಮ್ ಫಿಲ್ಟರಿಗೆ ಹಾಕಿ ಒಂದೇ ಮಟ್ಟಕ್ಕೆ ತರಬೇಕು. ಇನ್ನು ಅರ್ಧ ನಿಮಿಷಕ್ಕೊಮ್ಮೆ ಎಡಿಟರ್ ಬದಲಾಗುವುದು ಡಾನ್ಸ್‌ಗೆ ಹೇಳಿ ಮಾಡಿಸಿದ್ದು. ತಲೆ ಎತ್ತಿದಾಗಲೆಲ್ಲ ಪರದೆಯಲ್ಲಿ ಬೇರೆ ಸರಣಿ, ಬೇರೆ ಬಣ್ಣ. ತಾವು ವೇಷ ಹಾಕಿದ ಪಾತ್ರ ಕಂಡರಂತೂ ಕಾಸ್‌ಪ್ಲೇಯರ್‌ಗಳ ಗುಂಪಿನಿಂದ ಒಂದು ಕೂಗು ಏಳುತ್ತದೆ. ಮೆಡ್ಲಿಯಲ್ಲಿ ಆ ಕೂಗು ಮತ್ತೆ ಮತ್ತೆ ಏಳುತ್ತದೆ, ಒಂದೇ ಸರಣಿಯ ಎಎಂವಿಯಲ್ಲಿ ಬೇರೆಯವರು ಸುಮ್ಮನೆ ಕಾಯಬೇಕು.

ಮೆಡ್ಲಿಗೆ ದೋಷ ಇಲ್ಲವೆಂದಲ್ಲ. ಹತ್ತು ಜನ ಮಾಡಿದ್ದರಲ್ಲಿ ಇಬ್ಬರ ಕೆಲಸ ಪೇಲವ ಇದ್ದೇ ಇರುತ್ತದೆ. ಯಾರೋ ಹಳೆಯ ಡಿವಿಡಿಯ ಚೌಕದ ಚಿತ್ರವನ್ನು ಎಳೆದು ಅಗಲ ಮಾಡಿರುತ್ತಾರೆ, ನಾಯಕಿಯ ಮುಖ ದೋಸೆಯಾಗಿರುತ್ತದೆ. ಯಾರೋ ಹಳೆಯ ಟಿವಿಯ ಇಂಟರ್ಲೇಸ್ (ಸಾಲು ಬಿಟ್ಟು ಸಾಲು ಚಿತ್ರ ಬಿಡಿಸುವ ವಿಧಾನ) ಬಿಡಿಸದೆ ಬಿಟ್ಟು, ವೇಗದ ದೃಶ್ಯದಲ್ಲಿ ಬಾಚಣಿಗೆಯ ಗೆರೆಗಳು ಕಾಣುತ್ತವೆ. ಜನಕ್ಕೆ ಹಿಡಿಸದ ಹಾಡು ಬಂದರೆ ದಾಟಿಸುವಂತಿಲ್ಲ, ದಾಟಿಸಿದರೆ ಮೆಡ್ಲಿಯ ಹರಿವೇ ಹೋಯಿತು. ಮಕ್ಕಳೂ ಇರುವ ಹಾಲ್ ಆದರೆ ಪೂರ್ತಿ ನೋಡಿ ಪರೀಕ್ಷಿಸಬೇಕು. ಒಬ್ಬ ಎಡಿಟರ್‌ನ ಮೂರು ಸೆಕೆಂಡಿನ ರಕ್ತಪಾತ ಅಥವಾ ಸ್ನಾನದ ದೃಶ್ಯ ನಡುವೆ ಎಲ್ಲಾದರೂ ಅವಿತಿರುತ್ತದೆ. ಮಿಂಚಿನ ಲೆಕ್ಕ ಇದಕ್ಕೂ ಅನ್ವಯ.

ಇನ್ನೊಂದು, ಯಾವುದನ್ನು ಆರಿಸಿದರೂ ಬರುವ ತೊಂದರೆ. ಪ್ರೊಜೆಕ್ಟರ್ ಚಿತ್ರವನ್ನು ತುಸು ತಡವಾಗಿ ತೋರಿಸುತ್ತದೆ, ಸದ್ದು ಮಾತ್ರ ನೇರ ಸ್ಪೀಕರಿಗೆ ಹೋಗುತ್ತದೆ. ಕಟ್ ಬೀಟ್‌ನ ಹಿಂದೆ ಬಿದ್ದರೆ ಎಎಂವಿಯ ಅರ್ಧ ಸೊಗಸು ಹೋಯಿತು. ವಿಂಡೋಸ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಕೆ’ ಕೀಲಿ ಒತ್ತಿದಾಗಲೆಲ್ಲ ಸದ್ದನ್ನು 50 ಮಿಲಿಸೆಕೆಂಡ್‌ನಷ್ಟು ತಡಮಾಡಬಹುದು. ಸದ್ದು ಒಂದು ಮೀಟರ್ ದಾಟಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಸ್ಪೀಕರ್‌ನಿಂದ ಮೂವತ್ತು ಮೀಟರ್ ಹಿಂದೆ ನಿಂತವರಿಗೆ ಅದು ತಾನಾಗಿಯೇ ಎರಡು ಫ್ರೇಮ್ ತಡವಾಗಿ ಬರುತ್ತದೆ. ಹಾಗಾಗಿ ಫ್ಲೋರ್‌ನ ನಡುವೆ ನಿಂತು ಹೊಂದಿಸಿ, ಲ್ಯಾಪ್‌ಟಾಪ್ ಪಕ್ಕ ನಿಂತಲ್ಲ.

ನಿಮ್ಮಲ್ಲಿ ನುರಿತ ಡಿಜೆ ಇದ್ದು, ವರ್ಚುವಲ್ ಡಿಜೆಯಂಥ ವಿಡಿಯೊ ಮಿಕ್ಸ್ ಮಾಡುವ ಸಾಫ್ಟ್‌ವೇರ್ ಇದ್ದು, ಅದನ್ನು ಎಳೆಯುವ ಗಟ್ಟಿ ಲ್ಯಾಪ್‌ಟಾಪ್ ಇದ್ದರೆ ಸಾದಾ ಎಎಂವಿಗಳೇ ಮೇಲು. ಎರಡು ಡೆಕ್‌ನಲ್ಲಿ ಒಂದರ ಬಾಲದ ಮೇಲೆ ಇನ್ನೊಂದರ ತಲೆ ಹಾಕಿದರೆ ಟೈಟಲ್ ಕಾರ್ಡ್‌ನ ಕಾಟವೇ ಇಲ್ಲ. ಫ್ಲೋರ್ ನೋಡಿ ಹಾಡು ಬದಲಿಸುವ ಸ್ವಾತಂತ್ರ್ಯ ಮೆಡ್ಲಿ ಎಂದೂ ಕೊಡಲಾರದು. ಆದರೆ ಡಿಜೆ ತನ್ನದೇ ಹಾಡು ನುಡಿಸಿ, ನೀವು ಎಎಂವಿಯನ್ನು ಸದ್ದಿಲ್ಲದೆ ಓಡಿಸುವುದು ಮಾತ್ರ ಬೇಡ. 128ರ ಬೀಟ್‌ಗೆ ಕತ್ತರಿಸಿದ ಚಿತ್ರ 170ರ ಡ್ರಮ್ ಆಂಡ್ ಬೇಸ್ ಹಾಡಿನ ಎದುರು ಕುಂಟುತ್ತದೆ.

ನಮ್ಮ ಸಮಿತಿಯಲ್ಲಿ ಪರದೆಯ ಬಾಬ್ತಿಗೆ ಇಟ್ಟ ಹಣ ಸೊನ್ನೆ. ಲ್ಯಾಪ್‌ಟಾಪ್ ನನ್ನದೇ, ಹಳೆಯದು, ಎರಡು ವಿಡಿಯೊ ಒಟ್ಟಿಗೆ ಓಡಿಸಿದರೆ ಫ್ಯಾನ್ ಕಿರುಚುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನನಗೂ ಕುಣಿಯಬೇಕು. ರಾತ್ರಿಯಿಡೀ ಮೇಜಿನ ಹಿಂದೆ ನಿಂತು ಮುಂದಿನ ಫೈಲ್ ಒತ್ತುವ ಕೆಲಸಕ್ಕೆ ನಾನು ಒಪ್ಪುವವನಲ್ಲ. ಮೆಡ್ಲಿ ಹಾಕಿದರೆ ಪ್ಲೇ ಒತ್ತಿ ಫ್ಲೋರಿಗೆ ಇಳಿಯಬಹುದು. ಈ ಸಲವೂ ಅದೇ: ಮೂರು ಉದ್ದನೆಯ ಮೆಡ್ಲಿ, ನಿಧಾನದ್ದು ಮೊದಲು, ವೇಗದ್ದು ಆಮೇಲೆ. ಎಡಿಟರ್‌ಗಳಿಂದ ಒಪ್ಪಿಗೆ ಸಮೇತ ಬಂದ ಸಾದಾ ಎಎಂವಿಗಳು ಕೊನೆಯ ಅರ್ಧ ಗಂಟೆಯ ಕೋರಿಕೆಗೆ. ಸ್ಪರ್ಧೆ ಗೆದ್ದವನ್ನು ಮಧ್ಯಾಹ್ನ ಕುರ್ಚಿ ಹಾಕಿದ ಕೋಣೆಗೆ ಕೊಟ್ಟುಬಿಟ್ಟಿದ್ದೇನೆ.