ಹಳೇ ಪ್ರೋಬ್, ಹೊಸ ಪ್ರೋಬ್, ಒಂದೇ ರಿಂಗ್ ಗೇಜ್

ಪೀಣ್ಯದ ನಮ್ಮ ಶೆಡ್ಡಿನ ವಿಎಂಸಿಗೆ (ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಮೆಷೀನ್) ರೆನಿಶಾ ಕಂಪನಿಯ ಒಎಂಪಿ400 ಪ್ರೋಬ್, ಅಂದರೆ ಜಾಬನ್ನು (ಕೊರೆಯುವ ಲೋಹದ ತುಂಡು) ಮೆಷೀನಿನಲ್ಲೇ ಮುಟ್ಟಿ ಅಳೆಯುವ ಸಾಧನ, ಹಾಕಿಸಿ ಎಂಟು ತಿಂಗಳಾಯಿತು. ತಗೊಳ್ಳುವ ಮುಂಚೆ ತಲೆ ಕೆಡಿಸಿದ್ದು ಒಂದೇ ಪ್ರಶ್ನೆ: ಇರೋ ಪ್ರೋಬ್ ದಿನಾ ಕೆಲಸ ಮಾಡ್ತಿರುವಾಗ ಮತ್ತೆ ಇಷ್ಟು ದುಡ್ಡು ಸುರಿಯೋದು ಯಾಕೆ?

ಉತ್ತರ ಸಿಕ್ಕಿದ್ದು 50 ಮಿ.ಮೀ. ರಿಂಗ್ ಗೇಜಿನಲ್ಲಿ, ಅಂದರೆ ಅಳತೆ ಪಕ್ಕಾ ಗೊತ್ತಿರುವ ದುಂಡನೆ ಉಂಗುರದಲ್ಲಿ. ಹಳೇ ಪ್ರೋಬಿಗೆ 100 ಮಿ.ಮೀ. ಸ್ಟೈಲಸ್ (ಮುಟ್ಟುವ ಕಡ್ಡಿ) ಹಾಕಿ, 15 ಡಿಗ್ರಿಗೊಂದು ಸಲ ಮುಟ್ಟಿಸಿ, 24 ರೀಡಿಂಗ್ ಬರೆದುಕೊಂಡೆ. ಹಾಳೆ ಮೇಲೆ ಚುಕ್ಕಿ ಇಟ್ಟು ನೋಡಿದರೆ ದುಂಡನೆ ರಿಂಗು ಮೂರು ಕಡೆ ಉಬ್ಬಿತ್ತು. ಉಬ್ಬಿಗೂ ತಗ್ಗಿಗೂ ಒಂಬತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ವ್ಯತ್ಯಾಸ! ತಪ್ಪು ರಿಂಗಿನದಲ್ಲ. ಆ ಪ್ರೋಬಿನ ಒಳಗೆ ಮೂರು ರಾಡುಗಳು, ಒಂದೊಂದೂ ಎರಡೆರಡು ಬಾಲಿನ ಮೇಲೆ, ಸ್ಪ್ರಿಂಗ್ ಒತ್ತಡದಲ್ಲಿ ಕೂತಿರುತ್ತವೆ. ಕೆಲವು ದಿಕ್ಕಿಂದ ತಳ್ಳಿದರೆ ಸಲೀಸಾಗಿ ಏಳುತ್ತವೆ, ಕೆಲವು ದಿಕ್ಕಿಂದ ಹೆಚ್ಚು ಬಲ ಬೇಕು. ಬಲ ಹೆಚ್ಚಾದಷ್ಟೂ ಸಿಗ್ನಲ್ ಬರುವ ಹೊತ್ತಿಗೆ ಸ್ಟೈಲಸ್ ಹೆಚ್ಚು ಬಾಗಿರುತ್ತೆ. ನಾವು ಎಕ್ಸ್, ವೈ ದಿಕ್ಕಿಗೆ ಮಾತ್ರ ಕ್ಯಾಲಿಬ್ರೇಟ್ (ಗೊತ್ತಿರುವ ಅಳತೆಗೆ ತಾಳೆ ನೋಡಿ ತಿದ್ದೋದು) ಮಾಡಿಕೊಂಡು ಓರೆ ಮುಖಗಳನ್ನೂ ಅದೇ ಲೆಕ್ಕದಲ್ಲಿ ಅಳೀತಿದ್ವಿ. ಕಸ್ಟಮರ್ ಕಡೆ ಸಿಎಂಎಂ (ಅಳತೆಗೆಂದೇ ಇರುವ ಮೆಷೀನ್) ರಿಪೋರ್ಟಿಗೂ ನಮ್ಮದಕ್ಕೂ ತಾಳೆಯಾಗದ್ದು ಅದಕ್ಕೇ.

ಆ ರಚನೆ ಬಗ್ಗೆ ನನಗೆ ಗೌರವ ಕಡಿಮೆಯಾಗಿಲ್ಲ. 1970ರ ದಶಕದ ಆರಂಭದಲ್ಲಿ ಎಂಜಿನಿಯರ್ ಡೇವಿಡ್ ಮೆಕ್‌ಮರ್ಟ್ರಿ ಕಾಂಕಾರ್ಡ್ ವಿಮಾನದ ಎಂಜಿನಿನ ಪೈಪು ಅಳೆಯೋಕೆ ಮಾಡಿದ ಟಚ್ ಪ್ರೋಬಿನಿಂದ ಬಂದದ್ದು ಅದು. ಜಾಬ್ ಎಲ್ಲಿ ಕೂತಿದೆ ಅಂತ ನೋಡಿಕೊಳ್ಳುವ ಬರೀ ಸೆಟ್ಟಿಂಗಿಗೆ ಈಗಲೂ ಅದೇ ಸಾಕು.

ಹೊಸದರಲ್ಲಿ ಸಿಗ್ನಲ್ ಕೊಡೋದು ಸ್ಟ್ರೇನ್ ಗೇಜುಗಳು, ಅಂದರೆ ಒತ್ತಿದಾಗ ಆಗುವ ಅತಿ ಸಣ್ಣ ಬಾಗನ್ನೂ ಹಿಡಿಯುವ ಸೆನ್ಸರುಗಳು. ರಾಡು ಏಳೋವರೆಗೂ ಕಾಯೋದಿಲ್ಲ, ಯಾವ ದಿಕ್ಕಿಂದ ಮುಟ್ಟಿದರೂ ಹೆಚ್ಚುಕಡಿಮೆ ಒಂದೇ ಬಲಕ್ಕೆ ಹೇಳಿಬಿಡುತ್ತೆ. 50 ಮಿ.ಮೀ. ಸ್ಟೈಲಸ್ಸಿಗೆ ಕಂಪನಿ ಕೊಟ್ಟಿರುವ ರಿಪೀಟಬಿಲಿಟಿ (ಒಂದೇ ಜಾಗ ಮತ್ತೆ ಮತ್ತೆ ಮುಟ್ಟಿದಾಗ ಬರುವ ವ್ಯತ್ಯಾಸ) 0.25 ಮೈಕ್ರಾನ್. ನಮ್ಮ ಮೆಷೀನಿನಲ್ಲಿ ಅದೇ ರಿಂಗು, ಅದೇ 100 ಮಿ.ಮೀ. ಉದ್ದ, 24 ರೀಡಿಂಗಿನ ವ್ಯತ್ಯಾಸ ಎರಡು ಮೈಕ್ರಾನ್. ಅದರಲ್ಲಿ ಮೆಷೀನಿನ ಪಾಲೂ ಸೇರಿದೆ.

ತಗೊಳ್ಳೋರಿಗೆ ಒಂದು ಮಾತು. ಇಷ್ಟು ಸೂಕ್ಷ್ಮವಾದ ಪ್ರೋಬಿಗೆ ಉದ್ದ ಸ್ಟೈಲಸ್ ಹಾಕಿದರೆ ಅದರ ಟ್ರಿಗರ್ ಫಿಲ್ಟರ್ (ಅಲುಗಾಟಕ್ಕೆ ಸುಳ್ಳು ಸಿಗ್ನಲ್ ಬರದಂತೆ ತಡೆಯೋದು) ಆನ್ ಮಾಡಿಕೊಳ್ಳಬೇಕು. ಆಗ ಸಿಗ್ನಲ್ ತುಸು ತಡವಾಗುತ್ತೆ. ಹತ್ತು ಮಿಲಿಸೆಕೆಂಡ್ ಅಂದುಕೊಳ್ಳಿ: ನಿಮಿಷಕ್ಕೆ 480 ಮಿ.ಮೀ. ಫೀಡಿನಲ್ಲಿ (ಮೆಷೀನ್ ಸಾಗುವ ವೇಗ) ಅಷ್ಟರೊಳಗೆ ಮೆಷೀನ್ 80 ಮೈಕ್ರಾನ್ ಮುಂದೆ ಹೋಗಿರುತ್ತೆ. ಕ್ಯಾಲಿಬ್ರೇಶನ್ನಿನಲ್ಲಿ ಅದು ಕಳೆದುಹೋಗುತ್ತೆ, ಆದರೆ ಫೀಡ್ ಅದೇ ಇರಬೇಕು. ನಮ್ಮ ಹುಡುಗ ಸೈಕಲ್ ಬೇಗ ಮುಗೀಲಿ ಅಂತ 600ಕ್ಕೆ ಏರಿಸಿದ ದಿನ ಬೋರು (ಜಾಬಿನ ದುಂಡನೆ ತೂತು) ದೊಡ್ಡದಾಗಿ ತೋರಿಸಿತು, ಸರಿ ಇದ್ದ ನಾಲ್ಕು ಜಾಬು ಪಕ್ಕಕ್ಕೆ ಬಿದ್ದವು. ಈಗ ಕ್ಯಾಲಿಬ್ರೇಶನ್ ಫೀಡ್ ಎಷ್ಟು ಅಂತ ಪೇಂಟ್ ಮಾರ್ಕರಿನಲ್ಲಿ ಕಂಟ್ರೋಲ್ ಪ್ಯಾನಲ್ ಮೇಲೇ ಬರೆದಿಟ್ಟಿದ್ದೇನೆ.

ಹಳೇ ಪ್ರೋಬನ್ನು ಇಟ್ಟುಕೊಂಡೇ ಇರ್ತೀನಿ ಅನ್ನೋರು ಪ್ರತಿ ಮುಟ್ಟಿಗೂ ಪ್ರೋಬ್ ಹಿಡಿದಿರುವ ಸ್ಪಿಂಡಲ್ ತಿರುಗಿಸಿ, ಪ್ರೋಬಿನ ಅದೇ ಬದಿ ಜಾಬಿಗೆ ತಾಗೋ ಹಾಗೆ ಪ್ರೋಗ್ರಾಂ ಮಾಡಿಕೊಳ್ಳಿ. ಸಮಯ ಜಾಸ್ತಿ ತಗೊಳ್ಳುತ್ತೆ, ಆದರೆ ಆ ಮೂರು ಉಬ್ಬು ಬಹುಮಟ್ಟಿಗೆ ಇಳಿಯುತ್ತೆ.