ಗಾಳಿಯ ಬಯಲಿನಲ್ಲಿ ಆರ್‌ವಿ ಆವ್ನಿಂಗ್: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಅಮೆರಿಕದ ಅರಿಜೋನಾದಲ್ಲಿ ನೆಲೆಸಿರುವ ನಮ್ಮ ಕುಟುಂಬ ಹಲವು ವರ್ಷಗಳಿಂದ ಬಳಸುತ್ತಿರುವ ಟ್ರಾವೆಲ್ ಟ್ರೇಲರ್‌ನಲ್ಲಿ (ಬೇರೊಂದು ವಾಹನದ ಹಿಂದೆ ಎಳೆದೊಯ್ಯುವ ಆರ್‌ವಿ, ಅಂದರೆ ಪ್ರವಾಸದಲ್ಲಿ ವಾಸಿಸುವ ವಾಹನ) ಕಾರ್ಖಾನೆಯಲ್ಲೇ ಜೋಡಿಸಿದ ವಿದ್ಯುತ್ ಆವ್ನಿಂಗ್ ಇದೆ. ಆವ್ನಿಂಗ್ ಎಂದರೆ ವಾಹನದ ಪಕ್ಕದ ಗೋಡೆಯಿಂದ ಹೊರಕ್ಕೆ ಬಿಚ್ಚಿಕೊಂಡು ನೆರಳು ಕೊಡುವ ಬಟ್ಟೆಯ ಚಪ್ಪರ. ಅದರ ಉದ್ದ 16 ಅಡಿ. ಪೂರ್ತಿ ಬಿಚ್ಚಿದರೆ 8 ಅಡಿ ಹೊರಕ್ಕೆ ಚಾಚುತ್ತದೆ. ವಿನೈಲ್ ಬಟ್ಟೆ, 12 ವೋಲ್ಟ್‌ನ ಮೋಟಾರು, ಜೊತೆಗೆ ಗಾಳಿ ಎದ್ದಾಗ ತಾನಾಗಿಯೇ ಮುಚ್ಚಿಕೊಳ್ಳುವ ಸೆನ್ಸರ್. ಮರುಭೂಮಿಯ ಬಿಸಿಲಿನಲ್ಲಿ ಇದು ಕೊಡುವ ನೆರಳಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಟ್ರೇಲರ್‌ನ ಗೋಡೆಗೆ ನೇರ ಬಿಸಿಲು ತಾಗದಿರುವುದರಿಂದ ಒಳಗಿನ ಹವಾನಿಯಂತ್ರಕದ ಮೇಲಿನ ಹೊರೆಯೂ ಇಳಿಯುತ್ತದೆ. ಆದರೆ ಗಾಳಿಯ ವಿಷಯದಲ್ಲಿ ಮಾರಾಟಗಾರರ ಮಾತಿಗೂ ಬಯಲಿನ ವಾಸ್ತವಕ್ಕೂ ಬಹಳ ಅಂತರವಿದೆ. ಅದನ್ನು ಅರಿತು ಬಳಸಿದವರಿಗೆ ಮಾತ್ರ ಈ ವಸ್ತು ಬಾಳಿಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಮೈಲಿ ವೇಗದ ಗಾಳಿ ಎದುರಿನಿಂದ ಬಡಿದರೆ ಪ್ರತಿ ಚದರ ಅಡಿಗೆ ಸುಮಾರು 1 ಪೌಂಡ್ ಒತ್ತಡ ಬೀಳುತ್ತದೆ. ನಮ್ಮ ಆವ್ನಿಂಗ್‌ನ ಹರವು 128 ಚದರ ಅಡಿ. ಓರೆಯಾಗಿ ಚಾಚಿರುವ ಬಟ್ಟೆಗೆ ಗಾಳಿಯ ಪೂರ್ತಿ ಪೆಟ್ಟು ಸದಾ ತಾಗುವುದಿಲ್ಲವೆಂಬುದು ನಿಜ; ಆದರೆ ಅಡಿಯಿಂದ ನುಗ್ಗಿದ ಗಾಳಿ ಬಟ್ಟೆಯನ್ನು ಉಬ್ಬಿಸಿದ ಕ್ಷಣದಲ್ಲಿ 130 ಪೌಂಡ್‌ಗಳಷ್ಟು ಬಲ ಬಟ್ಟೆಯನ್ನು ಚಾಚಿ ಹಿಡಿದಿರುವ ಎರಡು ತೆಳು ಅಲ್ಯೂಮಿನಿಯಂ ತೋಳುಗಳ ಮೇಲೆ ಬೀಳಬಹುದು. ಗಾಳಿಯ ವೇಗ 40 ಮೈಲಿಗೆ ಏರಿದರೆ ಅದೇ ಬಲ 500 ಪೌಂಡ್ ಮೀರುತ್ತದೆ. ನಮ್ಮೂರಿನ ಅಡಿಕೆ ಸೋಗೆಯ ಚಪ್ಪರ ತನ್ನ ಸಂದುಗಳಿಂದ ಗಾಳಿಯನ್ನು ಹಾಯಲು ಬಿಡುತ್ತದೆ. ವಿನೈಲ್ ಬಟ್ಟೆ ಒಂದಿಷ್ಟೂ ಬಿಡುವುದಿಲ್ಲ. ಹಾಗಾಗಿ ಆ ಬಲವೆಲ್ಲ ತೋಳುಗಳ ಮೂಲಕ ಗೋಡೆಗೆ ಬಿಗಿದ ಬೋಲ್ಟುಗಳವರೆಗೂ ಸಾಗುತ್ತದೆ.

ಹಾಗಾದರೆ ಎಷ್ಟು ಗಾಳಿಗೆ ಮುಚ್ಚಬೇಕು? ಸತತವಾಗಿ 15 ಮೈಲಿ ಬೀಸುತ್ತಿದ್ದರೆ ಎಚ್ಚರದಿಂದಿರುವುದು, 20 ಮೈಲಿಯ ಹೊಡೆತಗಳು ಬರತೊಡಗಿದರೆ ಮರುಮಾತಿಲ್ಲದೆ ಮುಚ್ಚುವುದು ನಾನು ಅನುಸರಿಸುವ ಕ್ರಮ. ಅಳೆಯುವ ಉಪಕರಣ ಕೈಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ರೂಪಿಸಿದ ಗಾಳಿಯ ಮಾಪನ ಕ್ರಮ ಇಂದಿಗೂ ಶಿಬಿರದಲ್ಲಿ ಉಪಯುಕ್ತ. ಧೂಳು ಮತ್ತು ಬಿಡಿ ಕಾಗದ ಮೇಲೆದ್ದು ಸಣ್ಣ ಕೊಂಬೆಗಳು ಅಲುಗಿದರೆ ಅದು ನಾಲ್ಕನೆಯ ಹಂತ, ಅಂದರೆ 13ರಿಂದ 18 ಮೈಲಿ. ಎಲೆದುಂಬಿದ ಚಿಕ್ಕ ಮರಗಳೇ ತೂಗಾಡತೊಡಗಿದರೆ ಐದನೆಯ ಹಂತ, 19ರಿಂದ 24 ಮೈಲಿ. ಆವ್ನಿಂಗ್ ಆ ಹೊತ್ತಿಗಾಗಲೇ ಒಳಗಿರಬೇಕು. ಹವಾಮಾನ ಇಲಾಖೆಯ ಎಚ್ಚರಿಕೆಗಾಗಿ ಕಾಯುವುದು ಸರಿಯಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಗಾಳಿಯ ಸೂಚನೆ ಹೊರಡಿಸುವುದು ಸಾಮಾನ್ಯವಾಗಿ 31 ಮೈಲಿಗಿಂತ ಹೆಚ್ಚಿನ ಸತತ ಗಾಳಿಗೆ ಅಥವಾ 46 ಮೈಲಿ ದಾಟುವ ಹೊಡೆತಗಳಿಗೆ. ಆ ಮಟ್ಟಕ್ಕಿಂತ ಎಷ್ಟೋ ಮೊದಲೇ ಆವ್ನಿಂಗ್‌ನ ತಾಳಿಕೆ ಮುಗಿದಿರುತ್ತದೆ.

ಸೆನ್ಸರ್ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಹೆಚ್ಚು ಹಣ ಕೊಡುವುದು ಇದಕ್ಕಾಗಿಯೇ. ನಮ್ಮಲ್ಲಿರುವಂಥ ಸೆನ್ಸರ್‌ಗಳು ಗಾಳಿಯ ವೇಗವನ್ನು ಅಳೆಯುವುದಿಲ್ಲ. ಬಟ್ಟೆಯ ಮುಂಚೂಣಿಯ ಕೊಳವೆ ಎಷ್ಟು ಅಲುಗುತ್ತಿದೆ ಎಂಬುದನ್ನು ಗ್ರಹಿಸುತ್ತವೆ. ಆದ್ದರಿಂದ ಏರಿಳಿತವಿಲ್ಲದೆ ಒಂದೇ ಸಮನೆ ಬೀಸುವ ಬಲವಾದ ಗಾಳಿ ಬಟ್ಟೆಯನ್ನು ಬಿಗಿಯಾಗಿ ಎತ್ತಿ ಹಿಡಿದಿರುವಾಗ ಸೆನ್ಸರ್ ಸುಮ್ಮನಿರುವುದನ್ನೂ, ಹಗುರ ಗಾಳಿಯಲ್ಲಿ ಬಟ್ಟೆ ಪಟಪಟಿಸಿದ ಮಾತ್ರಕ್ಕೆ ಅದು ಮುಚ್ಚತೊಡಗುವುದನ್ನೂ ನಾನು ಕಂಡಿದ್ದೇನೆ. ಸೂಕ್ಷ್ಮತೆಯ ಹಂತವನ್ನು ಬದಲಿಸಿದರೆ ಎರಡನೆಯ ತೊಂದರೆ ತಗ್ಗುತ್ತದೆ, ಮೊದಲನೆಯದು ತಗ್ಗುವುದಿಲ್ಲ. ಅಲ್ಲದೆ, ಅಲುಗಾಟವನ್ನು ಗ್ರಹಿಸಿದ ನಂತರವೂ ಬಟ್ಟೆ ಪೂರ್ತಿ ಸುತ್ತಿಕೊಳ್ಳಲು ಸಮಯ ಬೇಕು, ಮೊದಲ ಹೊಡೆತ ಅಷ್ಟು ಹೊತ್ತು ಕಾಯುವುದಿಲ್ಲ. ಬ್ಯಾಟರಿ ಇಳಿದಿದ್ದರೆ ಇಡೀ ವ್ಯವಸ್ಥೆಯೇ ಕೆಲಸ ಮಾಡದು. ಸೆನ್ಸರನ್ನು ನಾನು ಸಹಾಯಕನೆಂದು ಒಪ್ಪುತ್ತೇನೆ, ಕಾವಲುಗಾರನೆಂದು ಒಪ್ಪುವುದಿಲ್ಲ. ಶಿಬಿರ ಬಿಟ್ಟು ನಡೆದಾಡಲು ಹೋಗುವಾಗ, ರಾತ್ರಿ ಮಲಗುವಾಗ ಆವ್ನಿಂಗ್ ಮುಚ್ಚಿಯೇ ಇರಬೇಕು, ಆಕಾಶ ಎಷ್ಟೇ ತಿಳಿಯಾಗಿರಲಿ.

ನೆಲಕ್ಕೆ ಗೂಟ ಹೊಡೆದು ಕಟ್ಟುವ ಪಟ್ಟಿಗಳ ಕುರಿತು ಬಳಕೆದಾರರಲ್ಲಿ ಒಮ್ಮತವಿಲ್ಲ. ಸ್ಪ್ರಿಂಗ್ ಇರುವ ಪಟ್ಟಿಗಳನ್ನೂ, ಬಟ್ಟೆಯ ಅಂಚನ್ನು ತೋಳಿಗೆ ಬಿಗಿಯುವ ಹಿಡಿಕೆಗಳನ್ನೂ ನಾನು ಬಳಸುತ್ತೇನೆ. ಮಂದಗಾಳಿಯಲ್ಲಿ ಅಂಚಿನ ಪಟಪಟ ಸದ್ದು ನಿಂತು ಹೊಲಿಗೆಗಳ ಮೇಲಿನ ಎಳೆತ ಕಡಿಮೆಯಾಗುತ್ತದೆ. ಆದರೆ ಪಟ್ಟಿ ಕಟ್ಟಿದ್ದೇವೆಂಬ ಧೈರ್ಯದಿಂದ ಬಿರುಗಾಳಿಯಲ್ಲಿ ತೆರೆದಿಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಗೂಟ ಗಟ್ಟಿಯಾಗಿ ನಿಂತರೆ ತೋಳು ಬಾಗುತ್ತದೆ, ಸಡಿಲ ಮರಳಿನಲ್ಲಿ ಗೂಟವೇ ಕಿತ್ತು ಬಂದರೆ ಅದು ಗಾಳಿಯಲ್ಲಿ ಬೀಸುವ ಆಯುಧವಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಪಟ್ಟಿ ಕಟ್ಟಿರುವಾಗ ಸೆನ್ಸರ್ ಚಾಲೂ ಇರಬಾರದು. ಇದ್ದರೆ ಮೋಟಾರು ಒಳಕ್ಕೆ ಎಳೆಯುತ್ತದೆ, ಪಟ್ಟಿ ಹೊರಕ್ಕೆ ಎಳೆಯುತ್ತದೆ, ಕೆಡುವುದು ಮೋಟಾರು. ಪಟ್ಟಿಯನ್ನೂ ಸೆನ್ಸರನ್ನೂ ಒಟ್ಟಿಗೆ ಮಾರುವ ಅಂಗಡಿಗಳು ಇದನ್ನು ಸ್ಪಷ್ಟವಾಗಿ ಹೇಳಬೇಕಿತ್ತು.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಕಾಸೂ ಖರ್ಚಿಲ್ಲದ ಒಂದು ಕ್ರಮ: ವಾಹನವನ್ನು ನಿಲ್ಲಿಸುವ ದಿಕ್ಕು. ಅಮೆರಿಕದ ಆರ್‌ವಿಗಳಲ್ಲಿ ಆವ್ನಿಂಗ್ ಸಾಮಾನ್ಯವಾಗಿ ಬಲಬದಿಗೆ ಇರುತ್ತದೆ. ನ್ಯೂ ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ ವಸಂತಕಾಲದ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯ ದಿಕ್ಕುಗಳಿಂದ ಬರುತ್ತದೆ. ಅಲ್ಲಿ ಟ್ರೇಲರ್‌ನ ಮುಂಭಾಗ ಉತ್ತರಕ್ಕೆ ಇರುವಂತೆ ನಿಲ್ಲಿಸಿದರೆ ಆವ್ನಿಂಗ್ ಪೂರ್ವಕ್ಕೆ ಬೀಳುತ್ತದೆ. ಗಾಳಿಯ ಪೆಟ್ಟನ್ನು ಟ್ರೇಲರ್‌ನ ಒಡಲೇ ತಡೆಯುತ್ತದೆ, ಮಧ್ಯಾಹ್ನದ ನಂತರದ ಬಿಸಿಲನ್ನೂ ಅದೇ ಮರೆಮಾಡುತ್ತದೆ. ಚಾವಣಿಯನ್ನು ದಾಟಿ ಬರುವ ಸುಳಿಗಾಳಿ ಆಗಲೂ ಬಟ್ಟೆಯನ್ನು ಮೇಲೆತ್ತಬಹುದಾದ್ದರಿಂದ ಮುಚ್ಚುವ ಮಿತಿಯನ್ನು ಮಾತ್ರ ನಾನು ಸಡಿಲಿಸುವುದಿಲ್ಲ.

ಅರಿಜೋನಾದ ಮಾನ್ಸೂನ್ ಕಾಲ, ಅಂದರೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿ, ಬೇರೆಯೇ ಎಚ್ಚರವನ್ನು ಕೇಳುತ್ತದೆ. ದೂರದಲ್ಲಿ ಸುರಿಯುವ ಗುಡುಗುಮಳೆಯಿಂದ ಕೆಳಗಿಳಿದ ತಣ್ಣನೆಯ ಗಾಳಿ ನೆಲದುದ್ದಕ್ಕೂ ಹರಡಿ, ಹಲವು ಮೈಲಿ ಆಚೆಗಿನ ಶಿಬಿರಕ್ಕೂ ಧೂಳಿನ ಗೋಡೆಯೊಡನೆ ಬಂದಪ್ಪಳಿಸುತ್ತದೆ. ತಲೆಯ ಮೇಲೆ ಮೋಡವೇ ಇರುವುದಿಲ್ಲ, ಎಲೆಯೂ ಅಲುಗುತ್ತಿರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಬದಲಾಗುತ್ತದೆ. ಈ ತಿಂಗಳುಗಳಲ್ಲಿ ದಿಗಂತದಲ್ಲಿ ಕಪ್ಪು ಮೋಡ ಕಂಡರೆ ಮುಚ್ಚಿಬಿಡುವುದೇ ನಮ್ಮ ಮನೆಯ ನಿಯಮ.

ಆರೈಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅವಸರದಲ್ಲಿ ಒದ್ದೆಯಾಗಿಯೇ ಸುತ್ತಿದ ಬಟ್ಟೆಯನ್ನು ಗಾಳಿ ಇಳಿದ ಮೇಲೆ ಬಿಚ್ಚಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಸೌಮ್ಯ ಸಾಬೂನು, ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಬ್ರಷ್ ಸಾಕು. ತೋಳುಗಳ ಕೀಲುಗಳಿಗೆ ಎಣ್ಣೆ ಹಾಕಿದರೆ ಮರುಭೂಮಿಯ ಧೂಳು ಅಂಟಿಕೊಳ್ಳುತ್ತದೆ; ಒಣಗುವ ಸಿಲಿಕೋನ್ ಸ್ಪ್ರೇ ಒಳ್ಳೆಯದು. ಗಾಳಿಯ ಪ್ರದೇಶದಿಂದ ಮರಳಿದ ಮೇಲೆ ಗೋಡೆಯ ಬೋಲ್ಟುಗಳನ್ನೂ ಅವುಗಳ ಸುತ್ತಲಿನ ಸೀಲೆಂಟನ್ನೂ ನೋಡಬೇಕು, ಏಕೆಂದರೆ ಅಲ್ಲಿ ಸಡಿಲವಾದರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಮೋಟಾರು ನಿಂತುಹೋದರೆ ಕೈಯಿಂದ ಅಥವಾ ಡ್ರಿಲ್‌ನಿಂದ ಸುತ್ತುವ ವಿಧಾನ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಶಾಂತ ದಿನವೊಂದರಲ್ಲಿ ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ. ಕೊಳವೆಯೊಳಗೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಇರುವ ಮಾದರಿಗಳನ್ನು ಮಾತ್ರ ಯಾರೂ ಕುತೂಹಲಕ್ಕೆ ಬಿಚ್ಚಬಾರದು. ಅದು ಕೈ ಮುರಿಯುವಷ್ಟು ಬಲದಿಂದ ಬಿಚ್ಚಿಕೊಳ್ಳಬಲ್ಲದು.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: ಸೆನ್ಸರ್‌ಗೆ ಕೊಡುವ ಹಣಕ್ಕಿಂತ ಗಟ್ಟಿ ತೋಳುಗಳಿಗೆ ಕೊಡುವ ಹಣ ಸಾರ್ಥಕ. ಖಾತರಿ ಪತ್ರದಲ್ಲಿ ಗಾಳಿಯ ಹಾನಿಯ ಬಗ್ಗೆ ಏನಿದೆ ಎಂದು ಓದಿಯೇ ಹಣ ಕೊಡಿ. ನಮ್ಮದರಲ್ಲಿ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಹಳೆಯ ಬಟ್ಟೆಯನ್ನಷ್ಟೇ ಬದಲಿಸುವವರು ಒಂದು ತೋಳಿನ ಮಧ್ಯದಿಂದ ಇನ್ನೊಂದರ ಮಧ್ಯದವರೆಗೆ ಅಳೆದು ಆ ಅಳತೆಯನ್ನೇ ಅಂಗಡಿಗೆ ತಿಳಿಸಬೇಕು. ಬಟ್ಟೆಯ ಅಗಲ ಅದಕ್ಕಿಂತ ಕೆಲವು ಅಂಗುಲ ಕಡಿಮೆ ಇರುವುದು ಸಹಜ.