ಸಿಂಗಲ್ ಫೇಸ್ ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವುದು: ಮೂರು ಜೋಡಣೆಗಳ ಹೋಲಿಕೆ

ಮೂರು ಫೇಸಿನ ಮೋಟಾರಿನಲ್ಲಿ ಯಾವ ಎರಡು ಫೇಸ್ ತಂತಿಗಳನ್ನು ಅದಲುಬದಲು ಮಾಡಿದರೂ ದಿಕ್ಕು ಬದಲಾಗುತ್ತದೆ. 230 ವೋಲ್ಟಿನ ಸಿಂಗಲ್ ಫೇಸ್ ಮೋಟಾರಿನಲ್ಲಿ ಫೇಸ್, ನ್ಯೂಟ್ರಲ್‌ಗಳನ್ನು ಅದಲುಬದಲು ಮಾಡಿದರೆ ಏನೂ ಆಗುವುದಿಲ್ಲ, ಏಕೆಂದರೆ ಅದರೊಳಗಿನ ಎರಡೂ ವೈಂಡಿಂಗ್‌ಗಳ (ತಂತಿಯ ಸುತ್ತುಗಳ) ಕರೆಂಟು ಒಟ್ಟಿಗೇ ತಿರುವುಮುರುವಾಗುತ್ತದೆ. ಇಲ್ಲಿ ದಿಕ್ಕು ಬದಲಾಗಬೇಕಾದರೆ ಒಂದೋ ಕರೆಂಟಿನ ಅಲೆಯನ್ನು ಸ್ವಲ್ಪ ಮುಂದಾಗಿಸುವ ಕೆಪಾಸಿಟರ್ ಯಾವ ವೈಂಡಿಂಗ್‌ನ ಸಾಲಿನಲ್ಲಿದೆ ಎಂಬುದು ಬದಲಾಗಬೇಕು, ಇಲ್ಲವೇ ಎರಡರಲ್ಲಿ ಒಂದು ವೈಂಡಿಂಗ್‌ನ ತುದಿಗಳು ಮಾತ್ರ ಅದಲುಬದಲಾಗಬೇಕು. ನಮ್ಮ ಸಣ್ಣ ವರ್ಕ್‌ಶಾಪಿನ ಕಾಯಿಲ್ ಸುತ್ತುವ ಯಂತ್ರಕ್ಕೂ ಬೆಂಚ್ ಲೇತಿಗೂ ರಿವರ್ಸ್ ಬೇಕಾಗಿದ್ದರಿಂದ ಈ ಎರಡೂ ದಾರಿಗಳನ್ನು ಜೋಡಿಸಿ ನೋಡಿದ್ದೇನೆ.

ಮೊದಲನೆಯದು ಎರಡೂ ವೈಂಡಿಂಗ್ ಸಮನಾಗಿರುವ ಮೋಟಾರು. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಬಟ್ಟೆ ಒಗೆಯುವ ಮೋಟಾರು ಇದೇ ಜಾತಿಯದು. ಹೊರಗೆ ಬರುವುದು ಮೂರೇ ತಂತಿ. ಮಲ್ಟಿಮೀಟರ್ ಹಿಡಿದರೆ ಎರಡೂ ವೈಂಡಿಂಗ್ ಸೇರುವ ಕಾಮನ್ ತಂತಿಯಿಂದ ಉಳಿದೆರಡಕ್ಕೂ ಒಂದೇ ಓಮ್ ತೋರಿಸುತ್ತದೆ, ಆ ಎರಡರ ನಡುವೆ ಅದರ ದುಪ್ಪಟ್ಟು ತೋರಿಸುತ್ತದೆ. ದುಪ್ಪಟ್ಟು ಬಂದ ಆ ಎರಡು ತುದಿಗಳ ನಡುವೆ ಕೆಪಾಸಿಟರನ್ನು ಕಾಯಂ ಆಗಿ ಸೇರಿಸಿ, ಕಾಮನ್‌ಗೆ ನ್ಯೂಟ್ರಲ್ ಕೊಟ್ಟು, ನಡುವೆ ಆಫ್ ಇರುವ ಟೂ ವೇ ಸ್ವಿಚ್ಚಿನಿಂದ ಫೇಸನ್ನು ಈ ತುದಿಗೋ ಆ ತುದಿಗೋ ಕೊಟ್ಟರೆ ಕೆಲಸ ಮುಗಿಯಿತು. ಫೇಸ್ ನೇರವಾಗಿ ಸಿಕ್ಕ ವೈಂಡಿಂಗ್ ರನ್ನಿಂಗ್ ಆಗುತ್ತದೆ, ಕೆಪಾಸಿಟರ್ ಮೂಲಕ ಸಿಕ್ಕದ್ದು ಅದರ ಜೊತೆಗಾರನಾಗುತ್ತದೆ. ಸ್ವಿಚ್ ಹೊರಳಿಸಿದಾಗ ಪಾತ್ರ ಅದಲುಬದಲಾಗುತ್ತದೆ, ದಿಕ್ಕೂ ಬದಲಾಗುತ್ತದೆ. ವೇಗ ಏರಿದಾಗ ತಾನಾಗಿಯೇ ತೆರೆದುಕೊಳ್ಳುವ ಸೆಂಟ್ರಿಫ್ಯೂಗಲ್ ಸ್ವಿಚ್ ಇದರಲ್ಲಿ ಇಲ್ಲದಿರುವುದರಿಂದ ಮತ್ತೆ ಮತ್ತೆ ಹಿಂದೆ ಮುಂದೆ ಮಾಡಿದರೂ ತೊಂದರೆಯಿಲ್ಲ. ಕಾಯಿಲ್ ಸುತ್ತುವಾಗ ಒಂದೆರಡು ಸುತ್ತು ಬಿಚ್ಚಬೇಕಾದರೆ ಇದಕ್ಕಿಂತ ಹಿತವಾದ ಜೋಡಣೆ ನನಗೆ ಸಿಕ್ಕಿಲ್ಲ.

ಇದರ ದೌರ್ಬಲ್ಯ ಹೊರಡುವಾಗಿನ ಬಲದಲ್ಲಿದೆ. ಸುಮಾರು 10 ಮೈಕ್ರೊಫ್ಯಾರಡಿನ ರನ್ನಿಂಗ್ ಕೆಪಾಸಿಟರ್ ಕೊಡುವ ತಿರುಚುಬಲ ಕಡಿಮೆ, ಹೊರೆ ಹಿಡಿದು ನಿಂತ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆಯೇ ಹೊರತು ಹೊರಡುವುದಿಲ್ಲ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಓಡುತ್ತಿರುವಾಗ ಕೆಪಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟೇಜು 230ನ್ನು ಮೀರಿ ಹೋಗುತ್ತದೆ. ಅಲ್ಲಿ 440 ವೋಲ್ಟಿನ ಕೆಪಾಸಿಟರನ್ನೇ ಹಾಕುವುದು ಇದೇ ಕಾರಣಕ್ಕೆ. ಸ್ವಿಚ್ಚಿನ ಬದಲು ಎರಡು ರಿಲೇ (ವಿದ್ಯುತ್ತಿನಿಂದ ಕೂಡಿ ಬಿಡುವ ಸ್ವಿಚ್) ಬಳಸುವವರು ಎರಡೂ ಒಮ್ಮೆಲೇ ಕೂಡದಂತೆ ನೋಡಿಕೊಳ್ಳಲೇಬೇಕು. ಕೂಡಿದರೆ ತುಂಬಿದ ಕೆಪಾಸಿಟರ್ ಆ ಕಾಂಟ್ಯಾಕ್ಟುಗಳ ಮೂಲಕವೇ ಶಾರ್ಟ್ ಆಗಿ ಅವು ಬೆಸೆದುಕೊಳ್ಳುತ್ತವೆ.

ಎರಡನೆಯದು 1 ಎಚ್‌ಪಿಯ ಕೆಪಾಸಿಟರ್ ಸ್ಟಾರ್ಟ್ ಮೋಟಾರು, ಅದಕ್ಕೆ ಕೈಯಿಂದ ತಿರುಗಿಸುವ ರಿವರ್ಸ್ ಫಾರ್ವರ್ಡ್ ಕ್ಯಾಮ್ ಸ್ವಿಚ್. ಲೇತಿಗೆ ನಾನು ಇಟ್ಟುಕೊಂಡದ್ದು ಇದನ್ನೇ. ಇಲ್ಲಿ ರನ್ನಿಂಗ್ ವೈಂಡಿಂಗ್‌ನ ಎರಡು, ಸ್ಟಾರ್ಟಿಂಗ್ ವೈಂಡಿಂಗ್‌ನ ಎರಡು, ಹೀಗೆ ನಾಲ್ಕು ತಂತಿಗಳು ಬೇರೆ ಬೇರೆಯಾಗಿ ಹೊರಗೆ ಬರಬೇಕು. ಎಷ್ಟೋ ಮೋಟಾರುಗಳಲ್ಲಿ ಎರಡರ ಒಂದೊಂದು ತುದಿಯನ್ನು ಒಳಗೇ ಸೇರಿಸಿ ಮೂರೇ ತಂತಿ ತಂದಿರುತ್ತಾರೆ, ಆಗ ಕವರ್ ಬಿಚ್ಚಿ ಆ ಜಾಯಿಂಟನ್ನು ಬಿಡಿಸಿ ನಾಲ್ಕನೆಯ ತಂತಿಯನ್ನು ಸ್ಲೀವ್ ಹಾಕಿ ಹೊರಗೆ ತರಬೇಕಾಗುತ್ತದೆ. ಈ ಕೆಲಸ ಅಭ್ಯಾಸವಿಲ್ಲದವರು ವೈಂಡಿಂಗ್ ಅಂಗಡಿಯಲ್ಲಿ ಮಾಡಿಸುವುದೇ ಕ್ಷೇಮ. ಸ್ಟಾರ್ಟಿಂಗ್ ವೈಂಡಿಂಗ್, ಕೆಪಾಸಿಟರ್, ಸೆಂಟ್ರಿಫ್ಯೂಗಲ್ ಸ್ವಿಚ್ ಈ ಮೂರನ್ನು ಒಂದೇ ಸಾಲಾಗಿ ಇರಿಸಿ, ಆ ಸಾಲಿನ ಎರಡು ತುದಿಗಳನ್ನು ಮಾತ್ರ ಕ್ಯಾಮ್ ಸ್ವಿಚ್ ತಿರುವುಮುರುವು ಮಾಡುತ್ತದೆ.

ಹೊರಡುವ ಬಲದಲ್ಲಿ ಮೊದಲನೆಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ವೇಗ ಸಿಂಕ್ರೊನಸ್ ವೇಗದ (ಮೋಟಾರಿನೊಳಗಿನ ಕಾಂತಕ್ಷೇತ್ರ ತಿರುಗುವ ವೇಗದ) ಮುಕ್ಕಾಲು ಭಾಗ ಮುಟ್ಟುತ್ತಿದ್ದಂತೆ ಸೆಂಟ್ರಿಫ್ಯೂಗಲ್ ಸ್ವಿಚ್ ತೆರೆದುಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸರ್ಕಿಟ್‌ನಿಂದ ಹೊರಗಾಗುತ್ತದೆ. ಆಮೇಲೆ ಓಡುವ ಮೋಟಾರಿನ ಸ್ವಿಚ್ಚನ್ನು ಥಟ್ಟನೆ ರಿವರ್ಸಿಗೆ ತಿರುಗಿಸಿದರೆ ಅದು ಹಳೆಯ ದಿಕ್ಕಿಗೇ ಓಡುತ್ತಿರುತ್ತದೆ, ಏಕೆಂದರೆ ಉಳಿದಿರುವ ರನ್ನಿಂಗ್ ವೈಂಡಿಂಗ್‌ಗೆ ಎರಡು ದಿಕ್ಕೂ ಒಂದೇ. ಆಫ್ ಮಾಡಿ, ಒಳಗಿನ ಸ್ವಿಚ್ ಮತ್ತೆ ಕೂಡಿದ 'ಟಕ್' ಸದ್ದು ಕೇಳಿ, ಶಾಫ್ಟ್ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಕೊಡಬೇಕು. ಸ್ಟಾರ್ಟಿಂಗ್ ಕೆಪಾಸಿಟರ್ ಎಲೆಕ್ಟ್ರೊಲಿಟಿಕ್ ಜಾತಿಯದು. ಗಂಟೆಗೆ ಸುಮಾರು 20 ಸ್ಟಾರ್ಟ್, ಒಂದೊಂದೂ ಮೂರು ಸೆಕೆಂಡಿನೊಳಗೆ ಎಂಬುದು ಅದರ ಸಾಮಾನ್ಯ ಮಿತಿ. ಸಾಲಾಗಿ ಟ್ಯಾಪ್ ಹೊಡೆಯುವ (ತೂತಿನೊಳಗೆ ಥ್ರೆಡ್ ಕೊರೆಯುವ) ಕೆಲಸಕ್ಕೆ ಈ ಮಿತಿ ಸಾಲದು. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು 180ಕ್ಕೆ ಇಳಿದರೆ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಶೇ. 61ರ ಆಸುಪಾಸಿಗೆ ಕುಸಿಯುತ್ತದೆ. ಆಗ ವೇಗ ಏರದೆ, ಸೆಂಟ್ರಿಫ್ಯೂಗಲ್ ಸ್ವಿಚ್ ತೆರೆಯದೆ, ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗುವ ಅಪಾಯವಿದೆ.

ಮೂರನೆಯದರಲ್ಲಿ ಮೋಟಾರು ಅದೇ, ಕ್ಯಾಮ್ ಸ್ವಿಚ್ಚಿನ ಜಾಗದಲ್ಲಿ ಎರಡು ಕಾಂಟ್ಯಾಕ್ಟರುಗಳು (ಕಾಯಿಲಿಗೆ ಕರೆಂಟು ಕೊಟ್ಟಾಗ ಕೂಡುವ ದೊಡ್ಡ ರಿಲೇಗಳು) ಮತ್ತು ಪುಷ್ ಬಟನ್‌ಗಳು. ಒಂದರ ಎನ್‌ಸಿ (ಕಾಯಿಲಿಗೆ ಕರೆಂಟು ಇಲ್ಲದಾಗ ಕೂಡಿರುವ) ಕಾಂಟ್ಯಾಕ್ಟನ್ನು ಇನ್ನೊಂದರ ಕಾಯಿಲಿನ ಸಾಲಿನಲ್ಲಿ ಇಟ್ಟರೆ ಎರಡೂ ಒಟ್ಟಿಗೆ ಕೂಡುವುದಿಲ್ಲ. ಖರ್ಚು ಹೆಚ್ಚು, ಡಬ್ಬಿ ದೊಡ್ಡದು, ಶಾಫ್ಟ್ ನಿಲ್ಲುವವರೆಗೆ ಕಾಯುವುದೂ ತಪ್ಪುವುದಿಲ್ಲ. ಆದರೂ ಒಂದು ಗುಣಕ್ಕಾಗಿ ನಾನು ಇದನ್ನು ಮೇಲಿಡುತ್ತೇನೆ: ಕರೆಂಟು ಹೋದೊಡನೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುವುದರಿಂದ, ಅದು ಮರಳಿ ಬಂದಾಗ ಬಟನ್ ಒತ್ತದೆ ಮೋಟಾರು ತಾನಾಗಿಯೇ ಹೊರಡುವುದಿಲ್ಲ. ಕ್ಯಾಮ್ ಸ್ವಿಚ್ ಆನ್ ಇದ್ದಂತೆಯೇ ಕರೆಂಟು ಹೋಗಿ, ಯಾರಾದರೂ ಚಕ್‌ಗೆ (ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗುವ ಭಾಗಕ್ಕೆ) ಕೈ ಹಾಕಿರುವಾಗ ಮರಳಿ ಬಂದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರೂ ಕೆಲಸ ಮಾಡುವ ಜಾಗದಲ್ಲಿ ಇದನ್ನೇ ಹಾಕಿಸಿರಿ.

ಚಕ್ ಅನ್ನು ಸ್ಪಿಂಡಲ್‌ಗೆ (ಅದನ್ನು ತಿರುಗಿಸುವ ದಂಡಕ್ಕೆ) ಥ್ರೆಡ್ ಮೇಲೆ ತಿರುಗಿಸಿ ಕೂರಿಸಿದ ಲೇತಾದರೆ ರಿವರ್ಸಿನಲ್ಲಿ ಜೋರಾಗಿ ಹೊರಟಾಗ ಚಕ್ ಬಿಚ್ಚಿಕೊಳ್ಳಬಹುದು. ಅಂಥ ಲೇತಿಗೆ ಚಕ್ ಲಾಕ್ ಇಲ್ಲದೆ ಇವುಗಳಲ್ಲಿ ಯಾವ ಜೋಡಣೆಯೂ ಬೇಡ. ಯಾವುದನ್ನೇ ಆರಿಸಿದರೂ ಮೋಟಾರಿನ ಲೋಹದ ಮೈಗೆ ಅರ್ಥಿಂಗ್ ಕೊಡಿ. ಡಬ್ಬಿ ತೆರೆಯುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತುದಿಗಳಿಗೆ ಹೋಲ್ಡರಿನಲ್ಲಿರುವ ಹಳೆಯ ಫಿಲಮೆಂಟ್ ಬಲ್ಬನ್ನು ತಾಗಿಸಿ ಚಾರ್ಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ತಂತಿ ಮುಟ್ಟಿ.